ದಿನವೂ ಸ್ನಾನ ಮಾಡಿಸುವವರು ಯಾರು? ದಾರ್ ಎಸ್ ಸಲಾಮ್‌ನಲ್ಲಿ ಸ್ವಾಹಿಲಿ ಪರೀಕ್ಷೆ ಮುಗಿಸಿದ ಅನುಭವ

ಹೋದ ವಾರ ಕಡೆಗೂ ಪ್ರಮಾಣಪತ್ರ ಕೈಗೆ ಬಂತು. ರೋಗಿಯ ಜೊತೆ ಇಲ್ಲಿ ಟಾಂಜಾನಿಯಾದಲ್ಲಿ ಜನ ಆಡುವ ಸ್ವಾಹಿಲಿಯಲ್ಲಿ ಮಾತನಾಡಿ, ಅವರ ದಿನಚರಿ ಕೇಳಿ ತಿಳಿದು, ಕಡತದಲ್ಲಿ ದಾಖಲಿಸಬಲ್ಲೆ ಎಂದು ಅದರಲ್ಲಿ ಎರಡು ಸಾಲು ಇದೆ. ಆ ಎರಡು ಸಾಲಿಗಾಗಿ ಪಟ್ಟ ಪಾಡನ್ನು ಬರೆದಿಡಲು ಕಾರಣವಿದೆ. ಮಂಗಳೂರಿನಲ್ಲಿ ನನ್ನ ಜೊತೆ ಫಿಸಿಯೋಥೆರಪಿ ಓದಿದವರು ಒಬ್ಬರ ಹಿಂದೆ ಒಬ್ಬರಂತೆ ಟಾಂಜಾನಿಯಾ, ಕೀನ್ಯಾಗಳ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಿದ್ದಾರೆ. ಎಲ್ಲರದೂ ಒಂದೇ ಪ್ರಶ್ನೆ: ಇಂಗ್ಲಿಷ್ ಸಾಕಾಗುವುದಿಲ್ಲವೇ? ವೈದ್ಯರ ಜೊತೆ ಸಾಕು. ವಾರ್ಡಿನಲ್ಲಿ ಸಾಲದು.

ನಮ್ಮ ಕೆಲಸ ಗೊತ್ತಿಲ್ಲದವರಿಗಾಗಿ ಒಂದು ಮಾತು. ಪಾರ್ಶ್ವವಾಯು ಬಡಿದವರು ಎಷ್ಟರಮಟ್ಟಿಗೆ ಸ್ವತಂತ್ರರು ಎಂದು ಅಳೆಯಲು ನಾವು ಬಾರ್ಥೆಲ್ ಸೂಚ್ಯಂಕ ಬಳಸುತ್ತೇವೆ. 1965ರಲ್ಲಿ ಪ್ರಕಟವಾದದ್ದು, ಹತ್ತು ಅಂಶ, ಒಟ್ಟು 100 ಅಂಕ. ಊಟಕ್ಕೆ 10, ಬಟ್ಟೆ ತೊಡುವುದಕ್ಕೆ 10, ಸ್ನಾನಕ್ಕೆ 5, ಮುಖ ತೊಳೆದು ಹಲ್ಲುಜ್ಜಿ ತಲೆ ಬಾಚಿ ಗಡ್ಡ ತೆಗೆಯುವುದಕ್ಕೆಲ್ಲ ಸೇರಿ 5. ಅದನ್ನು ಭರ್ತಿ ಮಾಡುವವರಿಗೆ ಇರುವ ಮೊದಲ ಸೂಚನೆಯೇ ಇದು: ರೋಗಿ ಏನು ಮಾಡಬಲ್ಲರು ಎಂದು ಬರೆಯಬೇಡಿ, ಏನು ಮಾಡುತ್ತಾರೆ ಎಂದು ಬರೆಯಿರಿ. ಊರಿನಲ್ಲಿದ್ದಾಗ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಕನ್ನಡದಲ್ಲಿ ನಾಲ್ಕು ಪ್ರಶ್ನೆ ತಿರುಗಿಸಿ ಕೇಳಿದರೆ ಸತ್ಯ ಹೊರಬರುತ್ತಿತ್ತು. ಇಲ್ಲಿ ಆ ನಾಲ್ಕು ಪ್ರಶ್ನೆಗಳನ್ನು ಕೇಳಲು ಒಂದಿಡೀ ವ್ಯಾಕರಣ ಬೇಕಾಯಿತು.

ಕಾಗದಪತ್ರಗಳ ವಿಷಯ ಬೇಗ ಮುಗಿಸುತ್ತೇನೆ. ವಿದೇಶಿ ನೌಕರರಿಗೆ ಇಲ್ಲಿ ಕೆಲಸದ ಪರವಾನಗಿ ಬೇರೆ, ವಾಸದ ಪರವಾನಗಿ ಬೇರೆ, ಎರಡೂ ಬೇಕು. ಮೊದಲಿನದು ಬರದೆ ಎರಡನೆಯದು ಮುಂದೆ ಸಾಗುವುದಿಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಆಮೇಲೆ ನೋಡಿಕೊಳ್ಳೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ವಿಮಾನ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಬರುವುದಾದರೆ ಹಳದಿ ಜ್ವರದ ಲಸಿಕೆಯನ್ನು ಊರಿನಲ್ಲೇ ಹಾಕಿಸಿಕೊಳ್ಳಿ. ಆ ಪ್ರಮಾಣಪತ್ರ ಚುಚ್ಚುಮದ್ದು ತೆಗೆದುಕೊಂಡ ಹತ್ತು ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. ಕೊನೆಯ ವಾರದಲ್ಲಿ ಓಡಾಡಿದರೆ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿಕೊಂಡರೆ ಈಗ ಜೀವಮಾನಕ್ಕೆ ಸಾಕು, 2016ರಿಂದ ನಿಯಮ ಹಾಗಿದೆ.

ಆಸ್ಪತ್ರೆ ನನ್ನನ್ನು ತೆಗೆದುಕೊಂಡಾಗ ಹಾಕಿದ ಷರತ್ತು ಇಷ್ಟು: ಪರೀಕ್ಷಾರ್ಥ ಅವಧಿ ಮುಗಿಯುವುದರೊಳಗೆ ಸ್ವಾಹಿಲಿಯ ಮೌಖಿಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪಾಠ ಎಲ್ಲಿ, ಎಷ್ಟು ಹಣ, ಯಾವ ಪುಸ್ತಕ ಎಂಬುದನ್ನು ಯಾರೂ ಹೇಳಲಿಲ್ಲ. ಉಪಾಂಗ ಬಡಾವಣೆಯಲ್ಲಿ ಮೂರು ತಲೆಮಾರಿನಿಂದ ನೆಲೆಸಿರುವ ಗುಜರಾತಿ ಹಿರಿಯರೊಬ್ಬರು ಸಂಜೆ ತರಗತಿಯೊಂದರ ವಿಳಾಸ ಕೊಟ್ಟರು. ಶುಲ್ಕ ಕೇಳಿದರೆ ಅಲ್ಲಿದ್ದ ಹುಡುಗಿ ‘ಲಾಕಿ ತಾತು’ ಎಂದಳು. ಲಾಕಿ ಎಂದರೆ ನಮ್ಮ ಲಕ್ಷವೇ, ತಾತು ಎಂದರೆ ಮೂರು. ಎದೆ ಧಸಕ್ಕೆಂದಿತು. ಆಮೇಲೆ ಲೆಕ್ಕ ಹಾಕಿದೆ: ಒಂದು ರೂಪಾಯಿಗೆ ಹೆಚ್ಚು ಕಡಿಮೆ 30 ಶಿಲಿಂಗ್, ಅಂದರೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಪರೀಕ್ಷೆಯ ಶುಲ್ಕ ಪ್ರತ್ಯೇಕ, ಪುಸ್ತಕದ ಜೆರಾಕ್ಸ್ ಪ್ರತ್ಯೇಕ, ನಾಲ್ಕು ಪಾಸ್‌ಪೋರ್ಟ್ ಫೋಟೋ ಪ್ರತ್ಯೇಕ. ಹಣ ಕಟ್ಟಿದ ಮೇಲೂ ತರಗತಿ ಶುರುವಾಗಲಿಲ್ಲ, ಸಾಕಷ್ಟು ಜನ ಸೇರಿರಲಿಲ್ಲ. ಹೋದಾಗಲೆಲ್ಲ ‘ಬಾದೊ’ ಎಂಬ ಉತ್ತರ, ಇನ್ನೂ ಇಲ್ಲ ಎಂದು. ಅದರ ಬೆನ್ನಿಗೇ ‘ನ್ಜೋ ಕೇಶೊ’, ನಾಳೆ ಬಾ. ಈ ಎರಡು ಮಾತುಗಳನ್ನು ಪಾಠ ಇಲ್ಲದೆಯೇ ಕಲಿತೆ.

ಕೊನೆಗೆ ಶುರುವಾದ ತರಗತಿಯಲ್ಲಿ ಮ್ವಾಲಿಮು ಜಾಂಜಿಬಾರ್‌ನವರು. ಮ್ವಾಲಿಮು ಎಂದರೆ ಮೇಷ್ಟ್ರು. ಈ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರನ್ನೂ ಜನ ಇಂದಿಗೂ ಹಾಗೆಯೇ ಕರೆಯುತ್ತಾರೆ. ನಮ್ಮ ಮ್ವಾಲಿಮುಗೆ ತಮ್ಮ ದ್ವೀಪದ ಭಾಷೆಯ ಬಗ್ಗೆ ಅಭಿಮಾನ ಜಾಸ್ತಿ, ಅದಕ್ಕೆ ಕಾರಣವೂ ಇದೆ. 1928ರಲ್ಲಿ ಮೊಂಬಾಸಾದಲ್ಲಿ ಸೇರಿದ ಸಭೆ ಜಾಂಜಿಬಾರ್‌ನ ಉಂಗುಜಾ ದ್ವೀಪದ ಮಾತನ್ನೇ ಶಿಷ್ಟ ಸ್ವಾಹಿಲಿಗೆ ಬುನಾದಿಯಾಗಿ ಒಪ್ಪಿಕೊಂಡಿತು. ಹಾಗಾಗಿ ದಾರ್‌ನ ಬೀದಿಯಲ್ಲಿ ನಾವು ಹೆಕ್ಕಿಕೊಂಡು ಬಂದ ಮಾತನ್ನು ತರಗತಿಯಲ್ಲಿ ಆಡಿದರೆ ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿದ್ದರು.

ಮೊದಲ ವಾರಗಳು ನಮಸ್ಕಾರಕ್ಕೇ ಹೋದವು. ಹಿರಿಯರಿಗೆ ‘ಶಿಕಮೋ’ ಎನ್ನಬೇಕು, ಅವರು ‘ಮರಹಾಬಾ’ ಎನ್ನುತ್ತಾರೆ. ಇದನ್ನು ಬಿಟ್ಟು ನೇರ ವಿಷಯಕ್ಕೆ ಇಳಿದರೆ ವಾರ್ಡಿನಲ್ಲಿ ಕೆಲಸ ಕೆಟ್ಟಂತೆಯೇ. ಅಜ್ಜಿಯರಿಗೆ ‘ಬಿಬಿ’, ಅಜ್ಜಂದಿರಿಗೆ ‘ಬಾಬು’ ಅಥವಾ ‘ಮ್ಜೆ’. ನನಗೆ ಕಷ್ಟವಾದದ್ದು ಬೇರೆ ಕಡೆ. ಸ್ವಾಹಿಲಿಯಲ್ಲಿ ಒಬ್ಬರನ್ನು ಕುರಿತು ಗೌರವಕ್ಕಾಗಿ ಬಹುವಚನ ಬಳಸುವ ರೂಢಿ ಇಲ್ಲ. ಎಂಬತ್ತು ವರ್ಷದ ಅಜ್ಜಿಯನ್ನೂ ಏಕವಚನದಲ್ಲೇ ಕೇಳಬೇಕು. ನಾಲಗೆ ತಡವರಿಸುತ್ತಿತ್ತು. ಹತ್ತು ವರ್ಷದ ಹುಡುಗನಿಗೂ ಅಜ್ಜಿಗೂ ಒಂದೇ ಕ್ರಿಯಾಪದವೇ ಎಂದು ಒಳಗೆ ಒಂದು ಮುಜುಗರ. ಗೌರವವೆಲ್ಲ ಆ ಶಿಕಮೋದಲ್ಲಿದೆ, ಕ್ರಿಯಾಪದದಲ್ಲಿ ಹುಡುಕಬೇಡ ಎಂದರು ಮ್ವಾಲಿಮು.

ಆಮೇಲೆ ಬಂತು ದಿನಚರಿಯ ಪಾಠ. ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ.

ಕನ್ನಡದಲ್ಲಿ ‘ನಾಳೆ ಊರಿಗೆ ಹೋಗುತ್ತೇನೆ’ ಎನ್ನುತ್ತೇವೆ, ‘ದಿನವೂ ವಾಕಿಂಗ್ ಹೋಗುತ್ತೇನೆ’ ಎಂದೂ ಎನ್ನುತ್ತೇವೆ. ಕ್ರಿಯಾಪದ ಒಂದೇ, ನಾಳೆ, ದಿನವೂ ಎಂಬ ಮಾತುಗಳು ಅರ್ಥವನ್ನು ಬೇರ್ಪಡಿಸುತ್ತವೆ. ಸ್ವಾಹಿಲಿಯಲ್ಲಿ ಈ ಕೆಲಸವನ್ನು ಕ್ರಿಯಾಪದದ ಒಳಗೇ ಸೇರಿಸಿದ ಅಕ್ಷರಗಳು ಮಾಡುತ್ತವೆ. ‘ಓಗಾ’ ಎಂದರೆ ಸ್ನಾನ ಮಾಡು. ‘ಅತಾಓಗಾ’: ಮುಂದೆ ಮಾಡುತ್ತಾನೆ. ‘ಅನಾಓಗಾ’: ಈಗ ಮಾಡುತ್ತಿದ್ದಾನೆ. ‘ಹುಓಗಾ’: ರೂಢಿಯಾಗಿ ಮಾಡುತ್ತಾನೆ. ಈ ಕೊನೆಯ ‘ಹು’ ನಮ್ಮ ಪರೀಕ್ಷೆಯ ಜೀವಾಳ. ಇದರ ಒಂದು ಸೊಗಸೆಂದರೆ ಇದಕ್ಕೆ ನಾನು, ನೀನು, ಅವನು, ಅವರು ಎಂಬ ಭೇದವಿಲ್ಲ. ಮಿಮಿ ಹುಓಗಾ, ವೇವೆ ಹುಓಗಾ, ಯೇಯೆ ಹುಓಗಾ, ಎಲ್ಲರಿಗೂ ಅದೇ. ನಾಮಪದಗಳ ಹತ್ತಾರು ವರ್ಗಗಳಿಗೆ ಒಂದೊಂದು ಅಕ್ಷರ ಅಂಟಿಸಿ ಸುಸ್ತಾಗಿದ್ದ ನಮಗೆ ಇದು ರಜೆ ಸಿಕ್ಕಂತೆ ಇತ್ತು. ಅಜ್ಜಿಯನ್ನು ಏಕವಚನದಲ್ಲಿ ಕೇಳುವ ನನ್ನ ಮುಜುಗರವೂ ಇದರಿಂದ ತಪ್ಪಿತು: ‘ಬಿಬಿ, ಹುಓಗಾ ಮ್ವೆನ್ಯೇವೆ?’ ಅಜ್ಜಿ, ತಾವೇ ಸ್ನಾನ ಮಾಡುವ ರೂಢಿಯೇ? ನೀನು ಎಂಬುದು ಎಲ್ಲೂ ಇಲ್ಲ.

ಇದನ್ನು ಮನಸ್ಸಿನಲ್ಲಿ ಕೂರಿಸಲು ಮ್ವಾಲಿಮು ಗಾದೆಗಳನ್ನು ಬಾಯಿಪಾಠ ಮಾಡಿಸಿದರು. ಗಾದೆ ಹೇಳುವುದು ಸದಾ ನಡೆಯುವ ಮಾತಾದ್ದರಿಂದ ಅಲ್ಲಿ ಹು ಧಾರಾಳವಾಗಿ ಸಿಗುತ್ತದೆ. ‘ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ’: ಚೂರು ಚೂರೇ ಸೇರಿ ಸೇರು ತುಂಬುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂದು ಬಾಲ್ಯದಿಂದ ಹೇಳಿಕೊಂಡು ಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ‘ಮ್ವುಮಿಲಿವು ಹುಲಾ ಮ್ಬಿವು’: ತಾಳಿದವನು ಹಣ್ಣು ತಿನ್ನುತ್ತಾನೆ. ಈ ಎರಡನೆಯದರಲ್ಲಿ ಒಂದು ಕಿವಿಮಾತು ಅಡಗಿದೆ. ತಿನ್ನು, ಕುಡಿ, ಬಾ ಮುಂತಾದ ಒಂದೇ ಅಕ್ಷರದ ಧಾತುಗಳು ಬೇರೆ ಕಾಲಗಳಲ್ಲಿ ‘ಕು’ ಎಂಬ ಊರುಗೋಲು ಹಿಡಿದೇ ಬರುತ್ತವೆ: ಅನಾಕುಲಾ, ತಿನ್ನುತ್ತಿದ್ದಾನೆ. ಹು ಬಂದಾಗ ಊರುಗೋಲು ಬಿದ್ದುಹೋಗುತ್ತದೆ: ಹುಲಾ. ಪರೀಕ್ಷೆಯಲ್ಲಿ ಊಟದ ಪ್ರಶ್ನೆ ಬಂದೇ ಬರುತ್ತದೆ, ಇದನ್ನು ಗಟ್ಟಿಮಾಡಿಕೊಳ್ಳಿ.

ತೊಳೆಯುವ ಪದಗಳಲ್ಲಿ ನಮ್ಮ ಜೊತೆಗಿದ್ದ ಯುರೋಪಿನವರು ಒದ್ದಾಡಿದರು. ನನಗೆ ಅಷ್ಟು ಕಷ್ಟವಾಗಲಿಲ್ಲ. ಮೈಗೆ ‘ಕುಓಗಾ’, ಕೈಗೆ ಮುಖಕ್ಕೆ ‘ಕುನಾವಾ’, ಪಾತ್ರೆಗೆ ಗಾಡಿಗೆ ‘ಕುಓಶಾ’, ಬಟ್ಟೆಗೆ ‘ಕುಫುವಾ’, ನಮಾಜಿಗೆ ಮುಂಚೆ ಕೈಕಾಲು ಮುಖ ಶುಚಿ ಮಾಡಿಕೊಳ್ಳುವುದಕ್ಕೆ ‘ಕುತವಾಧಾ’. ಕನ್ನಡದಲ್ಲೂ ಮೀಯುವುದು ಬೇರೆ, ಒಗೆಯುವುದು ಬೇರೆ, ಬೆಳಗುವುದು ಬೇರೆ. ಬಟ್ಟೆ ಬೆಳಗಿದೆ, ಪಾತ್ರೆ ಒಗೆದೆ ಎಂದು ನಾವು ಯಾವತ್ತಾದರೂ ಹೇಳುತ್ತೇವೆಯೇ? ಹಲ್ಲುಜ್ಜುವುದಕ್ಕೆ ‘ಕುಪಿಗಾ ಮ್ಸ್ವಾಕಿ’. ಮ್ಸ್ವಾಕಿ ಎಂದರೆ ಅಂಗಡಿಯ ಬ್ರಷ್ಷೂ ಹೌದು, ಹಲ್ಲುಜ್ಜುವ ಕಡ್ಡಿ ಕೊಡುವ ಮರವೂ ಹೌದು. ರೋಗಿ ಯಾವುದರಿಂದ ಉಜ್ಜುತ್ತಾರೆಂದು ಕೇಳಿಕೊಳ್ಳಿ, ಬೆರಳಿನ ಹಿಡಿತ ಎರಡಕ್ಕೂ ಒಂದೇ ಅಲ್ಲ.

ಇಲ್ಲಿಯವರೆಗೆ ಎಲ್ಲ ಸಲೀಸು. ಮುಂದೆ ಬಂದದ್ದು ಮಾತಿನ ಬಲೆ. ‘ಹು’ ಎಂಬುದೇ ‘ನೀನು ... ಇಲ್ಲ’ ಎಂಬ ನಿಷೇಧದ ಗುರುತೂ ಹೌದು. ಹುಓಗಾ ಎಂದರೆ ರೂಢಿಯಾಗಿ ಸ್ನಾನ ಮಾಡುವುದು. ಹುಓಗಿ ಎಂದರೆ ನೀನು ಸ್ನಾನ ಮಾಡುವುದಿಲ್ಲ. ಕೊನೆಯ ಸ್ವರ ಆ ಇದ್ದದ್ದು ಇ ಆದರೆ ದಿನಚರಿಯ ವಿಚಾರಣೆ ನೇರ ಬೈಗುಳವಾಗುತ್ತದೆ. ಇದು ಹೇಗೋ ಕಿವಿಗೆ ಸಿಗುತ್ತದೆ. ಆದರೆ ಅರಬ್ಬಿಯಿಂದ ಬಂದ ಎಷ್ಟೋ ಕ್ರಿಯಾಪದಗಳು ಆಕಾರದಲ್ಲಿ ಕೊನೆಯಾಗುವುದಿಲ್ಲ, ನಿಷೇಧದಲ್ಲಿ ಅವುಗಳ ಕೊನೆ ಬದಲಾಗುವುದೂ ಇಲ್ಲ. ‘ಸಹಾವು’ ಎಂದರೆ ಮರೆ. ‘ಹುಸಹಾವು ದಾವಾ?’ ಎಂದು ಕೇಳಿದಿರಿ ಎನ್ನಿ. ಔಷಧಿ ಮರೆಯುವುದುಂಟೇ ಎಂದೂ ಆಗುತ್ತದೆ, ಔಷಧಿ ನೀನು ಮರೆಯುವುದಿಲ್ಲ ತಾನೇ ಎಂದೂ ಆಗುತ್ತದೆ. ರೋಗಿ ‘ನ್ದಿಯೊ’, ಅಂದರೆ ಹೌದು ಎನ್ನುತ್ತಾರೆ. ಏನು ಹೌದು? ರಕ್ತದೊತ್ತಡದ ಮಾತ್ರೆ ತಪ್ಪುತ್ತಿದೆಯೋ ಇಲ್ಲವೋ? ‘ಸಾಲಿ’ ಎಂದರೆ ಪ್ರಾರ್ಥಿಸು. ಬಾಗಿ ನಮಾಜು ಮಾಡಲು ಆಗುತ್ತದೆಯೇ ಎಂದು ತಿಳಿಯಲು ‘ಹುಸಾಲಿ?’ ಎಂದರೆ, ನೀನು ಪ್ರಾರ್ಥನೆಯನ್ನೇ ಮಾಡುವುದಿಲ್ಲವೇ ಎಂದು ಕೇಳಿಸಬಹುದು. ಪುಸ್ತಕದಲ್ಲಿ ಇದನ್ನೆಲ್ಲ ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿದ್ದರು. ಆಸ್ಪತ್ರೆಗೆ ಹೋಗುವವರಿಗೆ ಇದು ಮೊದಲ ಪುಟದಲ್ಲಿ ಇರಬೇಕಾದ ಮಾತು.

ಇದಕ್ಕೆ ಪರಿಹಾರ ತೋರಿಸಿದವರು ವಾರ್ಡಿನ ದಾದಿಯೊಬ್ಬರು. ‘ಡಾಡಾ’ ಎಂದು ಕರೆಯುತ್ತೇವೆ, ಅಕ್ಕ ಎಂದಂತೆ. ಅವರು ಹು ಬಳಸುವುದೇ ಅಪರೂಪ. ‘ಹುವಾ ಉನಾಸಹಾವು ದಾವಾ?’ ಎನ್ನುತ್ತಾರೆ. ಹುವಾ ಎಂಬುದು ಇರು ಎಂಬ ಕ್ರಿಯಾಪದದ ರೂಢಿ ರೂಪ. ಅದನ್ನು ಮುಂದಿಟ್ಟು, ಹಿಂದೆ ಸಾಮಾನ್ಯ ವರ್ತಮಾನವನ್ನು ಇಟ್ಟುಬಿಟ್ಟರೆ ಗೊಂದಲವೇ ಇಲ್ಲ. ಹು ರೂಪಕ್ಕೆ ಸ್ವಂತ ನಿಷೇಧವಿಲ್ಲದ ಕೊರತೆಯನ್ನೂ ಇದು ತುಂಬುತ್ತದೆ: ‘ಹುವಾ ಸಿಸಹಾವು’, ನಾನು ಸಾಮಾನ್ಯವಾಗಿ ಮರೆಯುವುದಿಲ್ಲ. ರೋಗಿಗಳ ಮನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕ್ರಿಯಾಪದದ ಬಾಲಕ್ಕೆ ‘ಗಾ’ ಸೇರಿಸುತ್ತಾರೆ: ‘ನಾಓಗಾಗಾ’, ನಾನು ದಿನವೂ ಸ್ನಾನ ಮಾಡುತ್ತೇನೆ. ಒಳನಾಡಿನ ಭಾಷೆಗಳಿಂದ ಬಂದ ರೂಢಿ ಇದು, ದಾರ್ ತುಂಬ ಕೇಳಿಸುತ್ತದೆ. ತರಗತಿಯಲ್ಲಿ ಅದನ್ನು ಹೇಳಿದಾಗ ಮ್ವಾಲಿಮು ಕಣ್ಣು ಮುಚ್ಚಿದರು ಎಂದು ಬೇರೆ ಹೇಳಬೇಕಿಲ್ಲ. ನನ್ನ ಸಲಹೆ: ಪರೀಕ್ಷೆಯಲ್ಲಿ ಹು ಹೇಳಿ, ವಾರ್ಡಿನಲ್ಲಿ ಹುವಾ ಹೇಳಿ, ಗಾ ಕೇಳಿಸಿದರೆ ಅರ್ಥ ಮಾಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದು, ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು, ಮಾಡುವುದು ಮತ್ತು ಮಾಡಿಸುವುದರ ಪಾಠ. ನಮ್ಮ ಪುಸ್ತಕ ಇಂಗ್ಲಿಷಿನವರಿಗಾಗಿ ಬರೆದದ್ದು. ಈ ಅಧ್ಯಾಯವನ್ನು ಅದು ದೊಡ್ಡ ಬೆಟ್ಟವೆಂಬಂತೆ ಬಣ್ಣಿಸಿತ್ತು. ಕನ್ನಡಿಗರಿಗೆ ಇದು ಹಿತ್ತಲ ಹಾದಿ. ನಾವು ಉಣ್ಣು ಎನ್ನುವುದನ್ನು ಉಣಿಸು ಮಾಡುತ್ತೇವೆ, ಅವರು ಲಾ ಎನ್ನುವುದನ್ನು ಲಿಶಾ ಮಾಡುತ್ತಾರೆ. ತೊಡು, ತೊಡಿಸು, ವಾ, ವಿಶಾ. ಮೀಯು, ಮೀಯಿಸು, ಓಗಾ, ಓಗೇಶಾ. ಒಂದು ವಾರ ಪುಸ್ತಕದ ಇಂಗ್ಲಿಷ್ ವಿವರಣೆಯನ್ನು ಬದಿಗಿಟ್ಟು ಕನ್ನಡದ ಕಡೆಯಿಂದ ಓದಿದೆ. ಎರಡು ಅಧ್ಯಾಯ ತಾನಾಗಿ ಬಿಚ್ಚಿಕೊಂಡಿತು. ನಮ್ಮ ‘ಕೊಳ್ಳು’ವಿಗೆ ಹತ್ತಿರದ್ದು ಅವರ ‘ಜಿ’. ಎಣ್ಣೆ ಹಚ್ಚಿಕೊಳ್ಳುವುದು ‘ಕುಜಿಪಾಕಾ ಮಫೂತಾ’. ಹಾಗೆಂದು ಎಲ್ಲ ಕೊಳ್ಳುವಿಗೂ ಜಿ ಅಂಟಿಸಲಾಗದು. ತಲೆ ಬಾಚಿಕೊಳ್ಳುವುದು ಬರಿಯ ‘ಕುಚಾನಾ ನ್ಯ್ವೇಲೆ’. ಕುಚಾನಾ ಎಂದರೆ ಹರಿಯುವುದೂ ಹೌದಾದ್ದರಿಂದ ಅಲ್ಲಿ ಜಿ ತುರುಕಿದರೆ ತನ್ನನ್ನೇ ಹರಿದುಕೊಂಡಂತಾದೀತು.

ನಮ್ಮಲ್ಲಿ ದುರ್ಬಲವಾಗಿದ್ದು ಅವರಲ್ಲಿ ಗಟ್ಟಿಯಾಗಿರುವುದು ಕರ್ಮಣಿ ಪ್ರಯೋಗ. ಓಗೇಶಾಗೆ ಒಂದು ‘ವ’ ಸೇರಿದರೆ ಓಗೇಶ್ವಾ, ಇನ್ನೊಬ್ಬರಿಂದ ಸ್ನಾನ ಮಾಡಿಸಿಕೊಳ್ಳುವುದು. ಬಾರ್ಥೆಲ್ ನಮೂನೆಯಲ್ಲಿ ಈ ಒಂದು ವಕಾರದ ಬೆಲೆ 5 ಅಂಕ. ಹುಓಗಾ ಎಂದರೆ 5, ಹುಓಗೇಶ್ವಾ ಎಂದರೆ ಸೊನ್ನೆ. ನಾಲಗೆ ಸರಿಯಾಗಿ ತಿರುಗದ ರೋಗಿಯ ಬಾಯಲ್ಲಿ ಅದನ್ನು ಕೇಳಿಸಿಕೊಳ್ಳಬೇಕು. ಸಂದೇಹವಿದ್ದರೆ ‘ನಾ ನಾನಿ?’, ಯಾರಿಂದ, ಎಂದು ಒಂದು ಪ್ರಶ್ನೆ ಮುಂದಿಡಿ. ಹೆಸರು ಬಂದರೆ ಸೊನ್ನೆ.

ಅಷ್ಟಾದರೂ ಅಂಕ ಸರಿಯಾಗಿ ಬೀಳುತ್ತದೆ ಎನ್ನುವಂತಿಲ್ಲ. ಇದು ನನಗೆ ತಿಳಿದದ್ದು ತರಗತಿಯಲ್ಲಲ್ಲ, ಕರಿಯಾಕೊ ಮಾರುಕಟ್ಟೆಯ ಹತ್ತಿರದ ಕಿನ್ಯೋಜಿಯ ಅಂಗಡಿಯಲ್ಲಿ. ಕಿನ್ಯೋಜಿ ಎಂದರೆ ಕ್ಷೌರಿಕ. ಮಾತಿನ ಅಭ್ಯಾಸಕ್ಕೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕುರ್ಚಿಯಲ್ಲಿ ಕೂತವನು ಎದ್ದು ಹೋಗುವಂತಿಲ್ಲ, ಅವನೂ ಮಾತು ನಿಲ್ಲಿಸುವುದಿಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟುತ್ತಲೇ ‘ಹುವಾ ಉನಾನ್ಯೋವಾ ಔ ಉನಾಪುಂಗುಜಾ?’ ಎಂದ. ಪೂರ್ತಿ ಬೋಳಿಸುವ ರೂಢಿಯೋ, ಬರೀ ತಗ್ಗಿಸುವುದೋ? ಪಕ್ಕದ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಮ್ಜೆ ಒಬ್ಬರು ಗಡ್ಡ ತೆಗೆಸಿಕೊಳ್ಳುತ್ತಿದ್ದರು. ಮಶೀನಿನ ಸದ್ದು ನಿಂತ ಮೇಲೆ ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಗಲ್ಲಕ್ಕೆ ಒತ್ತಿದಾಗ ಅವರ ಮುಖ ಹುಳ್ಳಗಾಯಿತು. ಮನೆಯಲ್ಲಿ ತಾವೇ ಮಾಡಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ಇಡೀ ಜೀವಮಾನದಲ್ಲಿ ಒಮ್ಮೆಯೂ ಇಲ್ಲ ಎಂದರು. ‘ಹುನ್ಯೊಲೇವಾ’, ಮಾಡಿಸಿಕೊಳ್ಳುವುದೇ ರೂಢಿ. ಕಿನ್ಯೋಜಿ ನಕ್ಕು ‘ಕಿನ್ಯೋಜಿ ಹಜಿನ್ಯೋಯಿ’ ಎಂಬ ಗಾದೆ ಹೇಳಿದ: ಕ್ಷೌರಿಕ ತನ್ನ ಕ್ಷೌರ ತಾನು ಮಾಡಿಕೊಳ್ಳುವುದಿಲ್ಲ. ರೂಢಿಯ ನಿಷೇಧ, ‘ಜಿ’, ಗಡ್ಡ, ನಮ್ಮ ಪಠ್ಯದ ಮೂರೂ ಪಾಠ ಆ ಎರಡು ಪದಗಳಲ್ಲಿ.

ಆ ಮ್ಜೆಗೆ ನಾಳೆ ಪಾರ್ಶ್ವವಾಯು ಬಡಿದರೆ, ಗಡ್ಡ ಯಾರು ತೆಗೆಯುತ್ತಾರೆ ಎಂದು ನಾನು ಕೇಳಿದರೆ, ಹುನ್ಯೊಲೇವಾ ಎಂಬ ಉತ್ತರವೇ ಬರುತ್ತದೆ. ಅದನ್ನು ನಂಬಿ ಅಂಕ ಕಡಿದರೆ ಅನ್ಯಾಯ. ಆ ಕೈ ಚೆನ್ನಾಗಿದ್ದಾಗಲೂ ರೇಜರ್ ಹಿಡಿದಿರಲಿಲ್ಲ. ಹೆಂಗಸರ ಜಡೆಯ ಕಥೆಯೂ ಅದೇ. ಸಾಲು ಸಾಲಾಗಿ ನೆತ್ತಿಗೆ ಅಂಟಿಸಿ ಹೆಣೆಯುವ ಜಡೆಗೆ ‘ಕುಸೂಕಾ’ ಎನ್ನುತ್ತಾರೆ, ಹೆಣೆಯುವವಳು ‘ಮ್ಸೂಸಿ’. ಬಹುತೇಕ ಹೆಂಗಸರು ತಮ್ಮ ತಲೆಯನ್ನು ತಾವೇ ಹೆಣೆದುಕೊಳ್ಳುವುದಿಲ್ಲ, ಅಕ್ಕತಂಗಿಯರ ಕೈಗೋ ಮ್ಸೂಸಿಯ ಕೈಗೋ ಕೊಡುತ್ತಾರೆ. ಹೆಣೆದ ಮೇಲೆ ವಾರಗಟ್ಟಲೆ ಬಾಚಣಿಗೆ ಮುಟ್ಟುವ ಅಗತ್ಯವೇ ಇಲ್ಲ. ದಿನವೂ ತಲೆ ಬಾಚುತ್ತೀರಾ ಎಂದು ನಮೂನೆ ನೋಡಿಕೊಂಡು ಕೇಳಿದರೆ ಇಲ್ಲ ಎನ್ನುತ್ತಾರೆ. ಆ ಇಲ್ಲಕ್ಕೆ ತೋಳಿನ ಶಕ್ತಿಯೊಂದಿಗೆ ಸಂಬಂಧವಿಲ್ಲ.

ಆದ್ದರಿಂದ ನಾನು ಈಗ ಯಾವ ರೋಗಿಯನ್ನೂ ಹು ಇಂದ ಶುರುಮಾಡಿ ಕೇಳುವುದಿಲ್ಲ. ಮೊದಲು ಹಿಂದಿನ ರೂಢಿ. ‘ಕಾಬ್ಲಾ ಯಾ ಕಿಹಾರುಸಿ’, ಪಾರ್ಶ್ವವಾಯುವಿಗೆ ಮುಂಚೆ, ‘ಅಲಿಕುವಾ ಅಕಿಓಗಾ ಮ್ವೆನ್ಯೇವೆ?’ ನಮ್ಮ ‘ಮಾಡುತ್ತಿದ್ದರು’ ಹೇಗೆ ಎರಡು ಕ್ರಿಯಾಪದಗಳ ಬೆಸುಗೆಯೋ ಹಾಗೆಯೇ ಅವರದೂ: ಇದ್ದರು ಎಂಬುದು ಮುಂದೆ, ಮಾಡುತ್ತ ಎಂಬುದು ಹಿಂದೆ. ಹಿಂದಿನದು ಗೊತ್ತಾದ ಮೇಲೆ ಈಗಿನ ರೂಢಿ, ಕೊನೆಗೆ ಬೇಕಿದ್ದರೆ ಸಾಮರ್ಥ್ಯ. ಗಂಟೆ ಕೇಳುವಾಗ ಜಾಗ್ರತೆ. ಇಲ್ಲಿ ಗಂಟೆಯ ಎಣಿಕೆ ಸೂರ್ಯೋದಯದಿಂದ ಶುರು. ‘ಹುಆಮ್ಕಾ ಸಾ ಕುಮಿ ನಾ ಮೋಜಾ’, ಹನ್ನೊಂದಕ್ಕೆ ಏಳುತ್ತೇನೆ ಎಂದರೆ ಸೋಮಾರಿ ಎಂದುಕೊಳ್ಳಬೇಡಿ. ಅದು ಮುಂಜಾನೆ ಐದು ಗಂಟೆ. ಆರು ಗಂಟೆಗಳ ಈ ಅಂತರ ಮಾತ್ರೆಯ ಹೊತ್ತಿಗೂ ಅನ್ವಯಿಸುತ್ತದೆ. ಕಡತದಲ್ಲಿ ಗಂಟೆಯ ಪಕ್ಕ ಬೆಳಿಗ್ಗೆ, ರಾತ್ರಿ ಎಂದು ಬರೆಯುವುದನ್ನು ಬಿಡಬೇಡಿ.

ಪರೀಕ್ಷೆಯ ದಿನಾಂಕ ಮುಂದೆ ಹೋಗುತ್ತಲೇ ಇತ್ತು. ಮಂಡಳಿಯ ಮುಖ್ಯಸ್ಥರು ಪ್ರವಾಸದಲ್ಲಿದ್ದಾರೆ, ನೆಟ್‌ವರ್ಕ್ ಇಲ್ಲದೆ ಹೆಸರು ನೋಂದಣಿಯಾಗಿಲ್ಲ, ಈದ್ ರಜೆ, ಹೀಗೆ. ಪರೀಕ್ಷಾರ್ಥ ಅವಧಿ ಕರಗುತ್ತಿತ್ತು. ರಾತ್ರಿ ನಿದ್ದೆ ಬಾರದೆ ಚಾವಣಿ ನೋಡುತ್ತ ನನ್ನ ದಿನಚರಿಯನ್ನೇ ಸ್ವಾಹಿಲಿಯಲ್ಲಿ ಹೇಳಿಕೊಳ್ಳುತ್ತಿದ್ದೆ: ಹುಆಮ್ಕಾ, ಹುಪಿಗಾ ಮ್ಸ್ವಾಕಿ, ಹುಓಗಾ... ಊರಿಗೆ ಫೋನ್ ಮಾಡಿದಾಗ ಅಮ್ಮ ‘ಅಲ್ಲಪ್ಪಾ, ಹಲ್ಲುಜ್ಜುವುದನ್ನು ಹೇಳಲು ಪರೀಕ್ಷೆಯೇ?’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ವಿಸ್ತರಣೆಗಾಗಿ ಆಸ್ಪತ್ರೆಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ನೀವೂ ಅದನ್ನೇ ಮಾಡಿ. ಬಾಯಿಮಾತಿನ ‘ಹಕುನಾ ಶಿದಾ’, ತೊಂದರೆಯಿಲ್ಲ ಎಂಬ ಆಶ್ವಾಸನೆ ಪ್ರೀತಿಯಿಂದ ಬಂದದ್ದೇ. ಆದರೆ ಕಡತದಲ್ಲಿ ಅದಕ್ಕೆ ಜಾಗವಿಲ್ಲ.

ಪರೀಕ್ಷೆ ಕೊನೆಗೆ ನಡೆದದ್ದು ಒಂದು ಹಳೆಯ ತರಗತಿ ಕೋಣೆಯಲ್ಲಿ. ಮೇಜಿನ ಆಚೆ ಮೂವರು. ಒಬ್ಬ ಹುಡುಗ ಪಾರ್ಶ್ವವಾಯು ಪೀಡಿತ ಅಜ್ಜಿಯ ಮೊಮ್ಮಗನ ಪಾತ್ರ ವಹಿಸಿದ್ದ. ಅವನಿಗೆ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ, ಎಲ್ಲದಕ್ಕೂ ‘ಅನಾವೇಜಾ’, ಅಜ್ಜಿಗೆ ಆಗುತ್ತದೆ ಎನ್ನುತ್ತಿದ್ದ. ಸ್ನಾನ? ಅನಾವೇಜಾ. ಹಲ್ಲುಜ್ಜುವುದು? ಅನಾವೇಜಾ. ವಾರ್ಡಿನಲ್ಲಿ ಮನೆಯವರು ನಿಜಕ್ಕೂ ಹೀಗೆಯೇ ಉತ್ತರಿಸುತ್ತಾರೆ, ಅಜ್ಜಿಯ ಮಾನ ಉಳಿಸಲು. ಸಾಮರ್ಥ್ಯ ಬಿಟ್ಟು ರೂಢಿಗೆ ಇಳಿದೆ. ‘ಲಾಕಿನಿ ಕಿಲಾ ಸಿಕು ಹುಓಗೇಶ್ವಾ ನಾ ನಾನಿ?’ ಆದರೆ ದಿನವೂ ಅವರಿಗೆ ಸ್ನಾನ ಮಾಡಿಸುವವರು ಯಾರು? ಹುಡುಗ ತಡೆದ. ಮೂವರಲ್ಲಿ ನಡುವೆ ಕೂತಿದ್ದ ಹೆಂಗಸು ಪೆನ್ನು ಎತ್ತಿಕೊಂಡರು. ‘ನಾ ಮಾಮಾ’, ಅಮ್ಮನಿಂದ, ಎಂದ ಹುಡುಗ. ಸ್ನಾನಕ್ಕೆ ಸೊನ್ನೆ ಬರೆದೆ. ಆಮೇಲೆ ಜಡೆ ಹೆಣೆಯುವುದನ್ನು ಮುಂಚೆ ಯಾರು ಮಾಡುತ್ತಿದ್ದರು ಎಂದು ಕೇಳಿ, ಅದಕ್ಕೆ ಅಂಕ ಕಡಿಯದೆ ಬಿಟ್ಟೆ. ಏಕೆ ಎಂದು ಕೇಳಿದರು, ಹರಕುಮುರುಕಾಗಿಯಾದರೂ ಸ್ವಾಹಿಲಿಯಲ್ಲೇ ಹೇಳಿದೆ. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಫಲಿತಾಂಶ ಬರಲು ಮತ್ತೆ ಕಾಯಬೇಕಾಯಿತು. ತೇರ್ಗಡೆ ಎಂದು ಗೊತ್ತಾದ ಮೇಲೆ ಇನ್ನೊಂದು ತಾಪತ್ರಯ ಎದುರಾಯಿತು, ಅದು ಕನ್ನಡಿಗರಿಗೇ ಮೀಸಲು ಎನ್ನಬಹುದು. ಇಲ್ಲಿನ ಅರ್ಜಿಗಳಲ್ಲಿ ಸಾಮಾನ್ಯವಾಗಿ ಮೂರು ಹೆಸರು ಕೇಳುತ್ತಾರೆ: ತನ್ನದು, ನಡುವಿನದು, ಕುಲದ್ದು. ನನ್ನದು ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಒಂದು ಹೆಸರು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆ, ಪದವಿ ಪತ್ರದಲ್ಲಿ ಚುಕ್ಕೆಯೊಂದಿಗೆ ಅಕ್ಷರ ಮಾತ್ರ ಇದೆ. ಪ್ರಮಾಣಪತ್ರ ಮುದ್ರಿಸಿದವರು ಹಾಸನದ ಪಕ್ಕದ ನಮ್ಮ ಹಳ್ಳಿಯನ್ನು ನನ್ನ ಮೊದಲ ಹೆಸರು ಮಾಡಿದ್ದರು. ಹಾಗೆಯೇ ಸಲ್ಲಿಸಿದ್ದರೆ ಪರವಾನಗಿಯ ಹೆಸರಿಗೂ ಇದಕ್ಕೂ ತಾಳೆಯಾಗುತ್ತಿರಲಿಲ್ಲ. ತಿದ್ದಿಸಲು ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಅನ್ನು ವಕೀಲರ ಬಳಿ ಮಾಡಿಸಿ, ಶುಲ್ಕ ಕಟ್ಟಿ, ಮತ್ತೆ ‘ನ್ಜೋ ಕೇಶೊ’ ಕೇಳಿಸಿಕೊಂಡು ತರಬೇಕಾಯಿತು. ಹೊರಡುವ ಮುಂಚೆ ಪಾಸ್‌ಪೋರ್ಟ್, ಅಂಕಪಟ್ಟಿ, ಪದವಿ ಪತ್ರ, ವೃತ್ತಿ ನೋಂದಣಿ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿಕೊಳ್ಳಿ. ವ್ಯತ್ಯಾಸವಿದ್ದರೆ ಊರಿನ ನೋಟರಿಯಿಂದ ಅಫಿಡವಿಟ್ ಮಾಡಿಸಿ, ಮೂಲ ಪ್ರತಿಯನ್ನು ಕೈಚೀಲದಲ್ಲೇ ಇಟ್ಟುಕೊಂಡು ಬನ್ನಿ. ಮೊದಲ ಅರ್ಜಿಯಲ್ಲಿ ಹೆಸರು ಯಾವ ಕ್ರಮದಲ್ಲಿ ಬರೆಯುತ್ತೀರೋ ಅದೇ ಕ್ರಮವನ್ನು ಭಾಷಾ ತರಗತಿಯ ನೋಂದಣಿ ಪುಸ್ತಕದವರೆಗೂ ಬದಲಾಯಿಸದೆ ಬರೆಯಿರಿ.